ಯೀಸ್ಟ್ ಟಿಆರ್‌ಎನ್‌ಎ: ಆ ಜೋಡಿಗಳು ತಪ್ಪಲ್ಲ

ನಮಸ್ಕಾರ. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೀರಿ, ಯೀಸ್ಟ್‌ನ ಫಿನೈಲ್‌ಅಲನೈನ್ ಟಿಆರ್‌ಎನ್‌ಎಯಲ್ಲಿ (ಪ್ರೋಟೀನ್ ಕಟ್ಟುವಾಗ ಆ ಅಮೈನೋ ಆಮ್ಲವನ್ನು ಹೊತ್ತು ತರುವ ಆರ್‌ಎನ್‌ಎ) ಕಂಡ ಕೆಲವು ಬೇಸ್ ಜೋಡಿಗಳು (ಬೇಸ್ ಅಂದರೆ ಎ, ಯು, ಜಿ, ಸಿ ಎಂಬ ಆರ್‌ಎನ್‌ಎ ಅಕ್ಷರಗಳು) ಆರ್‌ಎನ್‌ಎ ಕುಟುಂಬಗಳ ಡೇಟಾಬೇಸ್ ಆದ ಆರ್‌ಫ್ಯಾಮ್‌ನಲ್ಲಿ ಸಿಗುತ್ತಿಲ್ಲ, ಡೇಟಾನೇ ತಪ್ಪಾ ಎಂದು ಕೇಳಿದ್ದೀರಿ. ತಪ್ಪಿಲ್ಲ, ನೀವು ಹುಡುಕುವ ಜಾಗ ಬದಲಾಗಬೇಕು ಅಷ್ಟೇ. ಆರ್‌ಫ್ಯಾಮ್ ಒಂದು ಕುಟುಂಬದ ಸೀಕ್ವೆನ್ಸ್‌ಗಳನ್ನೆಲ್ಲ ಸಾಲಾಗಿ ಜೋಡಿಸಿ, ಅವಕ್ಕೆ ಹೊಂದುವ ಸೆಕೆಂಡರಿ ರಚನೆ, ಅಂದರೆ ಯಾವ ಬೇಸ್ ಯಾವುದಕ್ಕೆ ಜೋಡಿ ಎಂಬ ಚಪ್ಪಟೆ ನಕ್ಷೆ, ತೋರಿಸುತ್ತದೆ. ಮೂರು ಆಯಾಮದ ಮಡಿಕೆಯಲ್ಲಿ ದೂರದ ಬೇಸ್‌ಗಳು ಹೇಗೆ ಕೈ ಹಿಡಿದಿವೆ ಅನ್ನೋದಕ್ಕೆ ಅಣುಗಳ ಮೂರು ಆಯಾಮದ ರಚನೆಗಳನ್ನು ಇಟ್ಟಿರುವ ಪಿಡಿಬಿ ಡೇಟಾಬೇಸ್‌ಗೇ ಹೋಗಬೇಕು.

ಅಲ್ಲಿ ಈ ಟಿಆರ್‌ಎನ್‌ಎಯ 1ಇಎಚ್‌ಝಡ್ ಫೈಲ್ ತೆಗೆಯಿರಿ. ರೆಸಲ್ಯೂಷನ್ 1.93 ಆಂಗ್‌ಸ್ಟ್ರಮ್ (ಸಂಖ್ಯೆ ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟ), ತುಂಬಾ ಚೆನ್ನಾಗಿದೆ. 4ನೇ ಜಿ, 69ನೇ ಯು ಜೊತೆ ಕೂತಿದೆ, ಅದು ವಾಬಲ್ ಜೋಡಿ, ಅಂದರೆ ಮಾಮೂಲಿ ಜಿ-ಸಿ, ಎ-ಯು ಅಲ್ಲದ ಜಿ-ಯು ಜೋಡಿ. 15ನೇ ಜಿ ಮತ್ತು 48ನೇ ಸಿ ನೋಡಿ. ಹೆಸರಿಗೆ ಮಾಮೂಲಿ ಜಿ-ಸಿ, ಆದರೆ ಒಂದು ಬೇಸ್ ತಿರುಗಿ ಕೂತಿದೆ! ನಾನು ಮಂಡ್ಯದ ಮನೆಯಲ್ಲಿ ಈ ಜೋಡಿಯ ಪ್ರಿಂಟ್ ತೆಗೆದು, ಪೆನ್ಸಿಲ್‌ನಲ್ಲಿ ಹೈಡ್ರೋಜನ್ ಬಂಧ ಎಳೆದ ಮೇಲೆಯೇ ನನಗೆ ಅರ್ಥವಾಗಿದ್ದು. ನೀವೂ ಹಾಗೇ ಮಾಡಿ.

ಹೆಸರಿಡಲು ಲಿಯಾಂಟಿಸ್-ವೆಸ್ಟಾಫ್ ಪದ್ಧತಿ ಬಳಸಿ. ಪ್ರತಿ ಬೇಸ್‌ಗೆ ಮೂರು ಅಂಚು: ವಾಟ್ಸನ್-ಕ್ರಿಕ್, ಹೂಗ್‌ಸ್ಟೀನ್, ಶುಗರ್. ಯಾವ ಅಂಚು ಯಾವ ಅಂಚಿಗೆ ಕೂತಿದೆ ಎಂಬುದಕ್ಕೆ ಸಿಸ್ (ಎರಡೂ ಬೇಸ್‌ನ ಸಕ್ಕರೆ ಬಂಧ ಒಂದೇ ಬದಿ), ಟ್ರಾನ್ಸ್ (ಎದುರು ಬದಿ) ಸೇರಿಸಿದರೆ ಒಟ್ಟು 12 ಬಗೆ. ಫೈಲನ್ನು ಡಿಎಸ್‌ಎಸ್‌ಆರ್ ಎಂಬ ಸಾಫ್ಟ್‌ವೇರ್‌ಗೆ ಕೊಟ್ಟರೆ ಬಗೆಯನ್ನು ಅದೇ ಬರೆದುಕೊಡುತ್ತದೆ. ರೆಸಲ್ಯೂಷನ್ ಚೆನ್ನಾಗಿಲ್ಲದ (ಆಂಗ್‌ಸ್ಟ್ರಮ್ ಸಂಖ್ಯೆ ದೊಡ್ಡದಿರುವ) ರಚನೆಗಳಲ್ಲಿ ಮಾತ್ರ ಅದನ್ನು ಸುಮ್ನೆ ನಂಬಬೇಡಿ, ಒಂದೊಂದನ್ನೂ ಕಣ್ಣಾರೆ ನೋಡಿ. ಪಟ್ಟಿ ಬಂದ ಮೇಲೆ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.