ಶುದ್ಧ ನೀರಿನಲ್ಲಿಟ್ಟರೆ ಸಿಂಪಿಯ ವಿಷ ಹೋಗುತ್ತದೆಯೇ?

ಸಾಕಿದ ಸಿಂಪಿಗಳನ್ನು ಎರಡು ದಿನ ಶುದ್ಧ ನೀರಿನ ತೊಟ್ಟಿಯಲ್ಲಿಟ್ಟರೆ ಸಾಕೇ ಎಂದು ಕೇಳಿದ್ದೀರಿ. ಬ್ಯಾಕ್ಟೀರಿಯಾ ಬಹುಮಟ್ಟಿಗೆ ಹೋಗುತ್ತವೆ. ಕೊಬ್ಬಿನಲ್ಲಿ ಸೇರಿಕೊಂಡ ಪಿಸಿಬಿಯಂಥ (ಕಾರ್ಖಾನೆಗಳಲ್ಲಿ ತಯಾರಾದ ಕ್ಲೋರಿನ್‌ಯುಕ್ತ ಸಂಯುಕ್ತಗಳು) ರಾಸಾಯನಿಕಗಳು ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಸಾಕುವ ನೀರಿನಲ್ಲೇ ವಿಷವಿದ್ದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯನ್ನೇ ನೋಡಿ. ದೋಣಿಯ ತಳಕ್ಕೆ ಬಳಿಯುವ ಬಣ್ಣದಲ್ಲಿದ್ದ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತದಿಂದಾಗಿ 1970ರ ದಶಕದ ಕೊನೆಯಲ್ಲಿ ಅಲ್ಲಿ ಸಿಂಪಿಯ ಮರಿಗಳೇ ಉಳಿಯಲಿಲ್ಲ. ಬೆಳೆದವುಗಳ ಚಿಪ್ಪು ಪದರ ಪದರವಾಗಿ ದಪ್ಪಗಾಗಿ, ನಡುವಿನ ಪೊಳ್ಳುಗಳಲ್ಲಿ ಲೋಳೆ ತುಂಬಿಕೊಂಡಿತ್ತು. ಒಳಗಿನ ಮಾಂಸ ಬಡಕಲು. ಲೀಟರಿಗೆ ಕೆಲವೇ ನ್ಯಾನೋಗ್ರಾಂ (ಗ್ರಾಂನ ನೂರು ಕೋಟಿಯಲ್ಲೊಂದು ಭಾಗ) ಸಾಕು, ಇಷ್ಟು ಹಾನಿಗೆ! 1982ರಲ್ಲಿ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಆ ಬಣ್ಣವನ್ನು ನಿಷೇಧಿಸಿದ ಮೇಲೆಯೇ ಮರಿಗಳು ಮತ್ತೆ ಕಂಡವು.

ದಯವಿಟ್ಟು ತೊಟ್ಟಿಯನ್ನು ನೆಚ್ಚಬೇಡಿ. ಸಾಕುವ ಜಾಗ ಬಂದರಿನಿಂದ, ದೋಣಿ ದುರಸ್ತಿ ಮಾಡುವ ಕಡೆಯಿಂದ ದೂರವಿರಲಿ. ತಳದ ಕೆಸರನ್ನೂ ಮೊದಲೇ ಪರೀಕ್ಷೆ ಮಾಡಿಸಿ. ಈ ವಿಷ ಅಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.