ಗೋಡೆ ಮೊದಲು, ಗಿಡ ಆಮೇಲೆ

ಪತ್ರ: ಬೀದರ್ ಹತ್ತಿರದ ನಮ್ಮೂರಲ್ಲಿ ಜಂಬಿಟ್ಟಿಗೆ ಗೋಡೆಯ ಹಳೆಯ ತೋಟವೊಂದಿದೆ. ಒಳಗೆ ಬಳ್ಳಾರಿ ಜಾಲಿ, ಹಾಳುಬಾವಿ. ಜೆಸಿಬಿ ತಂದು ಸ್ವಚ್ಛ ಮಾಡಿ, ಗೋಡೆಗೆ ಸಿಮೆಂಟ್ ಮೆತ್ತಿ, ಊರವರ ಬಳಕೆಗೆ ಬಿಡಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡೋಣ?

ಉತ್ತರ: ಜೆಸಿಬಿ, ಸಿಮೆಂಟ್ ಎರಡನ್ನೂ ಬಿಟ್ಟುಬಿಡಿ. ಮೊದಲು ಪಹಣಿ ತೆಗೆಸಿ, ಜಾಗ ಯಾರದೋ ಅವರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ದುರಸ್ತಿಗೂ ಕೇಳಿಯೇ ಕೈಹಾಕಿ.

ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು. ಕುಡಿದ ನೀರು ಸಂದಿನ ಸುಣ್ಣದ ಗಾರೆಯ ಮೂಲಕ ಆರಬೇಕು. ಸಿಮೆಂಟ್ ಆ ದಾರಿ ಮುಚ್ಚಿದರೆ ತೇವ ಕಲ್ಲಿನ ಮೈಯಿಂದಲೇ ಹೊರಬೀಳುತ್ತದೆ, ಉಪ್ಪು ಹರಳುಗಟ್ಟುತ್ತದೆ, ಕಲ್ಲು ಪುಡಿಪುಡಿಯಾಗಿ ಉದುರುತ್ತದೆ. ಸಿಮೆಂಟ್ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ! ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ ಕನಿಷ್ಠ ಎರಡು ವಾರ ನೀರಿನಡಿ ಬಿಡಿ. ಸುಣ್ಣ 1, ಇಟ್ಟಿಗೆ ಪುಡಿ 1, ಜರಡಿ ಹಿಡಿದ ಮರಳು 2 ಪಾಲು ಕಲಸಿ. ಸಡಿಲ ಗಾರೆಯನ್ನು ಒಂದಿಂಚು ಕೆರೆದು, ಸಂದಿಗೆ ನೀರು ಹಾಕಿ ತುಂಬಿ. ಹಸಿ ಗೋಣಿತಟ್ಟು ಹೊದಿಸಿ ಎರಡು ವಾರ ತೇವ ಕಾಯಬೇಕು. ಏಪ್ರಿಲ್ ಬಿಸಿಲಿಗೆ ಇದು ನಿಲ್ಲದು, ಬೇಗ ಒಣಗಿ ಪುಡಿಯಾಗುತ್ತದೆ. ಮಳೆ ಮುಗಿದ ಮೇಲೆ, ಚಳಿಗಾಲದಲ್ಲಿ ಮಾಡಿಸಿ. ಸುಣ್ಣದ ಕೆಲಸ ಬಲ್ಲ ಗೌಂಡಿಯನ್ನೇ ಹುಡುಕಿ.

ಗೋಡೆಯಲ್ಲಿ ಬೇರುಬಿಟ್ಟ ಅರಳಿಯನ್ನು ಎಳೆಯಬೇಡಿ, ಕಲ್ಲೂ ಜೊತೆಗೆ ಬರುತ್ತದೆ. ಕಡಿದು, ಚಿಗುರಿದಾಗೆಲ್ಲ ಸವರಿ, ಬೇರು ಸತ್ತ ಮೇಲೆ ಬಿಡಿಸಿ ಗಾರೆ ತುಂಬಿ. ಬಳ್ಳಾರಿ ಜಾಲಿಯದು ಬೇರೆ ಪಾಡು: ನೆಲಮಟ್ಟಕ್ಕೆ ಕಡಿದರೆ ಮತ್ತಷ್ಟು ಪೊದೆಯಾಗುತ್ತದೆ. ಒಂದಡಿ ಆಳದವರೆಗೆ ಅಗೆದು ಬೇರಿನ ಬುಡ ಸಮೇತ ತೆಗೆಯಬೇಕು, ಗೋಡೆಯಿಂದ ಮೂರಡಿ ಒಳಗಿನದನ್ನು ಬಿಟ್ಟು.

ಒಳಗಿನ ಮಣ್ಣನ್ನು ಮಟ್ಟ ಮಾಡುವ ಆಸೆಯನ್ನೂ ತಡೆಯಿರಿ. ಬೀದರಿನಲ್ಲಿರುವ ಸುಲ್ತಾನ ಅಲಿ ಬರೀದನ ಗೋರಿಯ ಸುತ್ತಲಿನದು ನಾಲ್ಕು ಭಾಗದ ತೋಟ. ಇಂಥ ತೋಟಗಳಲ್ಲಿ ಸಾಮಾನ್ಯವಾಗಿ ದಾರಿ ಎತ್ತರ, ಮಡಿ ತಗ್ಗು. ದಾರಿಯ ಪಕ್ಕದ ಕಾಲುವೆಯಿಂದ ನೀರು ಮಡಿಗಿಳಿಯುತ್ತದೆ. ನಿಮ್ಮದೂ ಹಾಗೇ ಇರಬಹುದು. ಎರಡಡಿ ಅಗಲದ ಕಂದಕವೊಂದನ್ನು ಸಲಿಕೆಯಿಂದ ತೋಡಿ ನೋಡಿ. ಕಲ್ಲುಹಾಸೋ ಮಣ್ಣಿನ ಕೊಳವೆಯೋ ಕಂಡರೆ ಅಲ್ಲಿಗೇ ನಿಲ್ಲಿಸಿ, ಫೋಟೊ ತೆಗೆದು, ಪುರಾತತ್ವ ಇಲಾಖೆಗೆ ತಿಳಿಸಿ. ತೆಗೆದ ಮಣ್ಣನ್ನು ಗೋಡೆಗೆ ಒತ್ತಿ ಪೇರಿಸಬೇಡಿ. ಬುಡದ ನೀರುಗಂಡಿಗಳು ಮುಚ್ಚಿ ಗೋಡೆ ಉಬ್ಬುತ್ತದೆ.

ಬಾವಿಯ ಹೂಳನ್ನು ನೀರು ಕಡಿಮೆಯಿರುವ ಏಪ್ರಿಲ್–ಮೇನಲ್ಲಿ ತೆಗೆಸಿ. ಆದರೆ ಯಾರನ್ನೂ ಹಾಗೇ ಇಳಿಸಬೇಡಿ; ಹಾಳುಬಾವಿಯ ಕೆಟ್ಟ ಗಾಳಿ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ಅಗ್ನಿಶಾಮಕದವರಿಂದ ಗಾಳಿ ಪರೀಕ್ಷೆ ಮಾಡಿಸಿ, ಹಗ್ಗ ಕಟ್ಟಿಯೇ ಇಳಿಸಿ. ಹತ್ತಿರ ಒಂದೇ ಸಾಲಿನಲ್ಲಿ ಹಲವು ಬಾವಿಗಳಿದ್ದರೆ ಯಾವುದನ್ನೂ ಮುಚ್ಚಬೇಡಿ. ಬೀದರ್ ಪಕ್ಕದ ನೌಬಾದಿನ ಕರೇಜ್ ಎಂಬ ಹಳೆಯ ನೀರಿನ ಸುರಂಗದಲ್ಲಿರುವಂತೆ ಅವು ನೆಲದಡಿಯ ಒಂದೇ ಸುರಂಗದ ಬಾಯಿಗಳಾಗಿರಬಹುದು.

ಗಿಡದ ಮಾತು ಇಷ್ಟೇ. ಗೋಡೆ ಬದಿಗೆ ಮಲ್ಲಿಗೆ, ಐದು ಮೀಟರ್ ಆಚೆ ಸೀತಾಫಲ, ದಾಳಿಂಬೆ, ಪೇರಲ. ಮಾವು, ಬೇವು ಹತ್ತು ಮೀಟರ್ ಆಚೆ. ಬೇಸಿಗೆಯಲ್ಲಿ ನೀರು ಹಾಕುವ ಮನೆಗಳ ಸರದಿಯನ್ನೂ ಬೀಗದ ಕೈ ಯಾರಲ್ಲಿರಬೇಕೆಂಬುದನ್ನೂ ಸಸಿ ತರುವ ಮೊದಲೇ ಬರೆದಿಟ್ಟುಕೊಳ್ಳಿ.