ಕೋವಿ ಕಟ್ಟೆ: .38 ಸೂಪರ್ ಮೇಲೆ ಯಾಕಿಷ್ಟು ಮೋಹ?

ಕಳೆದ ಸಂಚಿಕೆಯಲ್ಲಿ .38 ಸೂಪರ್ ಅನ್ನೋ ಪಿಸ್ತೂಲ್ ತೋಟಾದ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಮ್ಮಿ ಅದರ ಬಗ್ಗೆಯೇ. ಹಾಗಾಗಿ ಒಂಟಿ ನಳಿಗೆ, ಜೋಡಿ ನಳಿಗೆ ವಿಚಾರ ಕೇಳಿದವರು ಮುಂದಿನ ಸಂಚಿಕೆವರೆಗೆ ತಾಳ್ಮೆಯಿಂದಿರಿ.

ಪ್ರಶ್ನೆ (ಗೋಣಿಕೊಪ್ಪ): ನನ್ನ ಚಿಕ್ಕಪ್ಪನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ 9 ಎಂಎಂ ತೋಟಾ ಮೂಲೆಮೂಲೆಯಲ್ಲೂ ಸಿಗುತ್ತದೆ. ಇವನಿಗೆ ಮಾತ್ರ .38 ಸೂಪರ್ ಆಗಬೇಕು. ದುಡ್ಡು ಜಾಸ್ತಿ, ಹುಡುಕಾಟವೂ ಜಾಸ್ತಿ ಅಂತ ಅವನೇ ಗೊಣಗುತ್ತಾನೆ, ಆದರೂ ಬಿಡುವುದಿಲ್ಲ. ಅದರಲ್ಲಿ ಅಂಥದ್ದೇನಿದೆ?

ಉತ್ತರ: ಗುರಿಹಲಗೆಯ ತೂತು ನೋಡಿ ಹೇಳಿ ಅಂದರೆ, ಅಂಥದ್ದೇನೂ ಇಲ್ಲ. 9 ಎಂಎಂ ಗುಂಡಿನ ಅಡ್ಡಳತೆ .355 ಇಂಚು, ಇದರದ್ದು .356. ಕಣ್ಣಿಗೆ ಗೊತ್ತಾಗಲ್ಲ. ವ್ಯತ್ಯಾಸ ಇರುವುದು ಹಿತ್ತಾಳೆ ಕೇಸ್‌ನ ಉದ್ದದಲ್ಲಿ. 9 ಎಂಎಂ ಕೇಸ್ 19 ಮಿಲಿಮೀಟರ್ ಚಿಲ್ಲರೆ, ಸೂಪರ್‌ನದು ಹತ್ತಿರ ಹತ್ತಿರ 23. ಒಳಗೆ ಜಾಗ ಜಾಸ್ತಿ, ಮದ್ದೂ ಜಾಸ್ತಿ.

ಅದರ ಹುಟ್ಟಿನ ಕತೆ ಕೇಳಿದರೆ ನಿಮ್ಮ ತಮ್ಮನ ಹಠ ಸ್ವಲ್ಪ ಅರ್ಥವಾಗಬಹುದು. 1900ರಲ್ಲಿ ಅಮೆರಿಕದ ಕೋವಿ ವಿನ್ಯಾಸಕ ಜಾನ್ ಬ್ರೌನಿಂಗ್ .38 ಎಸಿಪಿ ಅನ್ನೋ ತೋಟಾ ಮಾಡಿದ್ದ. ಅದಕ್ಕಾಗಿ ಬಂದ ಹಳೇ ಕೋಲ್ಟ್ ಪಿಸ್ತೂಲುಗಳು ಅಷ್ಟು ಗಟ್ಟಿ ಇರಲಿಲ್ಲ, ಹಾಗಾಗಿ ಮದ್ದಿನ ಒತ್ತಡ ಕಡಿಮೆಯೇ ಇಡಬೇಕಿತ್ತು. ಆಮೇಲೆ ಕೋಲ್ಟ್‌ನ 1911 ಮಾದರಿ ಪಿಸ್ತೂಲ್ ಬಂತು, ಅದು ಕಲ್ಲುಬಂಡೆ. 1929ರಲ್ಲಿ ಕೋಲ್ಟ್ ಕಂಪನಿ ಅದೇ ಹಳೇ ಕೇಸ್‌ಗೆ ಒತ್ತಡ ಏರಿಸಿ, 1911ರ ಮೈಯಲ್ಲಿ ಕೂರಿಸಿ, ಸೂಪರ್ ಅಂತ ಹೆಸರಿಟ್ಟು ಮಾರಿತು. 130 ಗ್ರೇನ್ ತೂಕದ ಗುಂಡು ಸೆಕೆಂಡಿಗೆ ಸುಮಾರು 1280 ಅಡಿ ವೇಗದಲ್ಲಿ ಹೋಗುತ್ತಿತ್ತು. ಆ ಕಾಲಕ್ಕೆ ಪಿಸ್ತೂಲಿನಲ್ಲಿ ಇದು ಭಾರೀ ವೇಗ.

ಅದು ಅಮೆರಿಕದಲ್ಲಿ ಬ್ಯಾಂಕ್ ದರೋಡೆಕೋರರು ಕಾರು ಹತ್ತಿ ಓಡುತ್ತಿದ್ದ ಕಾಲ. ಪೊಲೀಸರ ಮಾಮೂಲಿ ರಿವಾಲ್ವರ್ ಗುಂಡು ಕಾರಿನ ದಪ್ಪ ತಗಡಿಗೆ ಬಡಿದು ಸುಸ್ತಾಗುತ್ತಿತ್ತು, ಸೂಪರ್ ಒಳಗೆ ಹೋಗುತ್ತಿತ್ತು. ಪೊಲೀಸರಿಗೆ ಇದು ಬೇಕಾಯಿತು, ಕಳ್ಳರಿಗೂ ಬೇಕಾಯಿತು. ಸ್ಯಾನ್ ಆಂಟೋನಿಯೊದಲ್ಲಿ ಹೈಮನ್ ಲೆಬ್‌ಮನ್ ಅನ್ನೋ ಕೋವಿ ಕೆಲಸದವನು ಕೋಲ್ಟ್ ಸೂಪರ್‌ಗಳನ್ನು ಒಂದೇ ಸಮ ಹಾರುವ ಮಷಿನ್ ಪಿಸ್ತೂಲ್ ಮಾಡಿಕೊಟ್ಟ. ಅವು ಬೇಬಿ ಫೇಸ್ ನೆಲ್ಸನ್‌ನಂಥ ದರೋಡೆಕೋರರ ಕೈ ಸೇರಿದವು. ಇಷ್ಟೆಲ್ಲ ಆಗುವಾಗ 1935ರಲ್ಲಿ .357 ಮ್ಯಾಗ್ನಮ್ ಬಂತು. ಅದು ರಿವಾಲ್ವರ್ ತೋಟಾ, ಅಮೆರಿಕದ ಪೊಲೀಸರಿಗೆ ಆಗ ರಿವಾಲ್ವರ್ ಅಂದರೆ ಪ್ರಾಣ. ಸೂಪರ್ ಮೂಲೆಗೆ ಸರಿಯಿತು.

ಹೀಗೆ ತನ್ನದಲ್ಲದ ಕಾರಣಕ್ಕೆ ಹಿಂದೆ ಬಿದ್ದದ್ದರ ಮೇಲೆ ಕೆಲವರಿಗೆ ಜಾಸ್ತಿ ಪ್ರೀತಿ ಹುಟ್ಟುತ್ತದೆ, ಅದರಲ್ಲೂ ಎಲ್ಲರ ಸೊಂಟದಲ್ಲೂ 9 ಎಂಎಂ ಇರುವ ಊರಿನಲ್ಲಿ. ಕೈಗೂ ಒಂದು ಹಿತ ಇದೆ ಅನ್ನಿ. ಅದೇ ಸಪೂರ 1911, .45 ಆದರೆ ಮ್ಯಾಗಜೀನ್‌ಗೆ 7, ಸೂಪರ್ ಆದರೆ 9. ಒದೆತ ಚುರುಕಾಗಿರುತ್ತದೆ, .45ರ ಹಾಗೆ ದೂಡುವುದಿಲ್ಲ. ಇವತ್ತಿನ ಬಿರುಸಾದ 9 ಎಂಎಂ ತೋಟಾಗಳು ಸೂಪರ್‌ನ ಹತ್ತಿರ ಬಂದುಬಿಟ್ಟಿವೆ, ಅದೂ ನಿಜ. ಆದರೆ ಅದನ್ನು ತಮ್ಮನ ಹತ್ತಿರ ಹೇಳಬೇಡಿ, ಫೋನ್ ಬೇಗ ಮುಗಿಯುವುದಿಲ್ಲ.

ಒಂದೇ ಒಂದು ಎಚ್ಚರಿಕೆ ಅವನಿಗೆ ಹೇಳಿ. ಹಳೇ .38 ಎಸಿಪಿ ಪಿಸ್ತೂಲಿಗೆ ಸೂಪರ್ ತೋಟಾ ಸರಾಗವಾಗಿ ಹೋಗುತ್ತದೆ, ಅಳತೆ ಒಂದೇ. ಆದರೆ ಹಳೇದಕ್ಕೆ ಹೇಳಿರುವ ಒತ್ತಡ 26500 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಲೆಕ್ಕ), ಸೂಪರ್‌ನದು 36500. ಪಿಸ್ತೂಲ್ ಒಡೆಯಬಹುದು. ಇದಕ್ಕಾಗಿಯೇ 1974ರಿಂದ ಸೂಪರ್ ತೋಟಾದ ತಳದಲ್ಲಿ ಪ್ಲಸ್ ಪಿ, ಅಂದರೆ ಒತ್ತಡ ಜಾಸ್ತಿ, ಅಂತ ಗುರುತು ಸೇರಿಸಿದರು.

ಪ್ರಶ್ನೆ (ನಾಪೋಕ್ಲು): .38 ಸೂಪರ್‌ಗೆ ಗುರಿ ನಿಲ್ಲುವುದಿಲ್ಲ ಅಂತ ಹಳಬರೊಬ್ಬರು ಹೇಳುತ್ತಿದ್ದರು. ಹಾಗಿದ್ದರೆ ಇದಕ್ಕೆ ಯಾಕೆ ಅಷ್ಟು ಹೊಗಳಿಕೆ?

ಉತ್ತರ: ಹಳಬರು ಹೇಳಿದ್ದು ಸುಳ್ಳಲ್ಲ. ಆದರೆ ತಪ್ಪು ತೋಟಾದ್ದಲ್ಲ, ನಳಿಗೆಯದ್ದು.

ತೋಟಾ ನಳಿಗೆಯ ಕೋಣೆಯೊಳಗೆ ಕೂತಾಗ ಎಲ್ಲೋ ಒಂದು ಕಡೆ ಒರಗಿ ನಿಲ್ಲಬೇಕು. 9 ಎಂಎಂ, .45 ತೋಟಾಗಳು ಕೇಸ್‌ನ ಬಾಯಿಯ ಅಂಚಿನಲ್ಲಿ ನಿಲ್ಲುತ್ತವೆ. ಸೂಪರ್‌ನ ಬುಡದಲ್ಲಿ ಕೂದಲೆಳೆಯಷ್ಟು ಹೊರಚಾಚಿದ ಅಂಚು ಇದೆ, ಅರೆ ರಿಮ್ ಅನ್ನುತ್ತಾರೆ. ಹಳೇ ಕೋಲ್ಟ್ ನಳಿಗೆಗಳಲ್ಲಿ ಆ ಅಂಚಿನ ಆಸರೆಯಲ್ಲೇ ತೋಟಾ ನಿಲ್ಲಬೇಕಿತ್ತು. ಅಷ್ಟು ಸಣ್ಣ ಆಸರೆ, ಅದೂ ಸುತ್ತಲೂ ಇಲ್ಲ, ಒಂದು ಭಾಗದಲ್ಲಿ ಮಾತ್ರ. ಒಂದು ತೋಟಾ ಹೀಗೆ ಕೂರುತ್ತದೆ, ಇನ್ನೊಂದು ಹಾಗೆ. ಪ್ರತಿ ಈಡಿಗೂ ಶುರುವೇ ಬೇರೆಯಾದರೆ ಗುಂಡು ಒಂದೇ ಜಾಗಕ್ಕೆ ಹೋಗುವುದು ಹೇಗೆ?

ಮುಂದೆ ಬಾರ್-ಸ್ಟೋ ನಳಿಗೆಗಳ ಇರ್ವ್ ಸ್ಟೋನ್, ಸೂಪರ್ ಕೂಡ ಕೇಸ್‌ನ ಬಾಯಿಯಲ್ಲೇ ನಿಲ್ಲುವ ಹಾಗೆ ಕೋಣೆ ಕೊರೆದು ನಳಿಗೆ ಮಾಡಿದರು. ತೋಟಾ ಅದೇ, ಪಿಸ್ತೂಲ್ ಅದೇ, ಗುಂಡುಗಳು ಗುಂಪಾಗಿ ಬೀಳತೊಡಗಿದವು. ಐವತ್ತು ವರ್ಷದ ಹತ್ತಿರ ಹತ್ತಿರ ಕೆಟ್ಟ ಹೆಸರು ಹೊತ್ತ ತೋಟಾ ಅದು. ನನಗೆ ಸೂಪರ್ ಮೇಲೆ ಮಮಕಾರ ಇದ್ದರೆ ಅದು ಇದೊಂದೇ ಕಾರಣಕ್ಕೆ. ದರೋಡೆಕೋರರ ಕತೆ ಎಲ್ಲರಿಗೂ ಇಷ್ಟ, ನನಗೆ ಈ ಕೂದಲೆಳೆ ಅಂಚಿನ ಕತೆ ಇಷ್ಟ.

ಪ್ರಶ್ನೆ (ಮಡಿಕೇರಿ): ಸ್ಪರ್ಧೆಗಳಲ್ಲಿ ಓಡುತ್ತಾ ಗುಂಡು ಹೊಡೆಯುವವರು, ತುದಿಗೆ ಡಬ್ಬದಂಥದ್ದು ಸಿಕ್ಕಿಸಿದ ಪಿಸ್ತೂಲಿನವರು, ಹೆಚ್ಚಿನವರು .38 ಸೂಪರ್ ಅನ್ನುತ್ತಾರೆ. ಅಲ್ಲಿ ಯಾಕೆ?

ಉತ್ತರ: ಅದು ಐಪಿಎಸ್‌ಸಿ ಅನ್ನೋ ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆಯ ಸ್ಪರ್ಧೆ. ಅಲ್ಲಿ ಒಂದು ಲೆಕ್ಕ ಇದೆ, ಪವರ್ ಫ್ಯಾಕ್ಟರ್. ಗುಂಡಿನ ತೂಕವನ್ನು ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸುತ್ತಾರೆ. 125 ಗ್ರೇನ್ ಗುಂಡು, 1320 ಅಡಿ ವೇಗ ಅಂದರೆ 165. ನಿಗದಿಯಾದ ಗೆರೆ ದಾಟಿದರೆ ಮೇಜರ್, ಅಂಚಿಗೆ ಬಿದ್ದ ಈಡಿಗೂ ಅಂಕ ಜಾಸ್ತಿ. ಮೊದಲು ಈ ಗೆರೆ ದಾಟೋಕೆ .45 ಒಂದೇ ಸಲೀಸಾದ ದಾರಿ ಅಂತ ಎಲ್ಲರೂ ಅಂದುಕೊಂಡಿದ್ದರು. 1980ರ ದಶಕದ ಶುರುವಿನಲ್ಲಿ ಅಮೆರಿಕದ ಸ್ಪರ್ಧಿಗಳಾದ ರಾಬ್ ಲೀಥಮ್, ಬ್ರಯನ್ ಈನೋಸ್ ಇಬ್ಬರೂ ಸೂಪರ್ ಹಿಡಿದು ಬಂದರು. ಸಣ್ಣ ಗುಂಡನ್ನು ಜೋರಾಗಿ ಓಡಿಸಿದರೆ ಲೆಕ್ಕ ಸರಿಹೋಗುತ್ತದೆ. ಜೊತೆಗೆ ನೀವು ಹೇಳಿದ ಆ ಡಬ್ಬ, ಕಾಂಪೆನ್ಸೇಟರ್, ಹೊರಬರುವ ಗ್ಯಾಸನ್ನು ಮೇಲಕ್ಕೆ ಬಿಟ್ಟು ನಳಿಗೆ ಎದ್ದೇಳದಂತೆ ತಡೆಯುತ್ತದೆ. ಗ್ಯಾಸ್ ಜಾಸ್ತಿ ಇದ್ದಷ್ಟೂ ಅದಕ್ಕೆ ಬಲ ಜಾಸ್ತಿ, ಸೂಪರ್‌ನಲ್ಲಿ ಗ್ಯಾಸಿಗೆ ಬರವಿಲ್ಲ. ಮ್ಯಾಗಜೀನ್‌ನಲ್ಲಿ ತೋಟಾನೂ ಜಾಸ್ತಿ ಹಿಡಿಯುತ್ತದೆ. ಸತ್ತೇಹೋಯ್ತು ಅಂದುಕೊಂಡಿದ್ದ ತೋಟಾ ಒಂದು ನಿಯಮ ಪುಸ್ತಕದಿಂದ ಎದ್ದು ಕೂತಿತು.

ಎರಡು ಸಾಲಿನ ಮ್ಯಾಗಜೀನ್‌ನಲ್ಲಿ ಆ ಅರೆ ರಿಮ್ ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ ಅಂತ ರಿಮ್ ಕತ್ತರಿಸಿದ ಸೂಪರ್ ಕಾಂಪ್ ಕೂಡ ಬಂತು. ಈಗ 9 ಎಂಎಂನಲ್ಲೇ ಮೇಜರ್ ಮಾಡುವವರು ಹೆಚ್ಚುತ್ತಿದ್ದಾರೆ. ಕಾರಣ ಸರಳ, ಅದರ ಹಿತ್ತಾಳೆ ಕೇಸ್ ಅಗ್ಗ.

ಪ್ರಶ್ನೆ (ಪೊನ್ನಂಪೇಟೆ): ನಮಗೆ ಕೋವಿ ವಿನಾಯಿತಿ ಇದೆಯಲ್ಲ. ಲೈಸೆನ್ಸ್ ಬೇಡ ಅಂದಮೇಲೆ ಒಂದು .38 ಸೂಪರ್ ತರಿಸಿಕೊಂಡರೆ ಏನು ತೊಂದರೆ?

ಉತ್ತರ: ತೊಂದರೆ ಇದೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗೆ ಸಂಬಂಧಪಟ್ಟದ್ದು, ಅಂದರೆ ಲೈಸೆನ್ಸ್ ವಿಚಾರ. 2029ರ ಅಕ್ಟೋಬರ್ 31ರವರೆಗೆ ಅದನ್ನು ಮುಂದುವರಿಸಿದ್ದಾರೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಆದರೆ ನಿಷೇಧಿತ ಆಯುಧದ ಮಾತು 7ನೇ ಸೆಕ್ಷನ್, ಹೊರದೇಶದಿಂದ ತರಿಸುವ ಮಾತು 10ನೇ ಸೆಕ್ಷನ್. ನಮ್ಮ ವಿನಾಯಿತಿ ಅವೆರಡನ್ನೂ ಮುಟ್ಟುವುದಿಲ್ಲ. ವಿನಾಯಿತಿಯಲ್ಲೂ ಯಾವ ಬಗೆಯ ಆಯುಧ ಅಂತ ಪಟ್ಟಿ ಇರುತ್ತದೆ, ಸುಮ್ನೆ ‘ಕೋವಿ ಹಕ್ಕು’ ಅಂದುಕೊಂಡು ಪಿಸ್ತೂಲಿಗೆ ಕೈ ಹಾಕಬೇಡಿ, ಮೊದಲು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಬನ್ನಿ.

ಇನ್ನೂ ಒಂದು ತಮಾಷೆ ಇದೆ. ನಮ್ಮಲ್ಲಿ ಸೇನೆಯ 9 ಎಂಎಂ ತೋಟಾ ಹಾರಿಸಬಲ್ಲ ಪಿಸ್ತೂಲ್ ಸಾಮಾನ್ಯ ಜನರಿಗೆ ನಿಷೇಧ. ಅದಕ್ಕೇ ಇಡೀ ದೇಶ .32 ಮೇಲೆ ನಿಂತಿದೆ. ಆರ್ಡ್‌ನೆನ್ಸ್ ಫ್ಯಾಕ್ಟರಿಯ ಅಶನಿ ಪಿಸ್ತೂಲೂ .32 ಎಸಿಪಿಯೇ. ಅದೂ ಬ್ರೌನಿಂಗ್ ಮಾಡಿದ್ದೇ, 1899ರದು. ಬೇರೆ ಕಡೆ ಅಜ್ಜಂದಿರ ಪಿಸ್ತೂಲ್ ಅಂತ ಬದಿಗಿಟ್ಟ ತೋಟಾಕ್ಕೆ ಇಲ್ಲಿ ಕಾಯ್ದಿರುವ ಸಾಲು. ಮೆಕ್ಸಿಕೊದಲ್ಲೂ ಇಂಥದ್ದೇ ಆಯಿತು. ಸೇನೆಯ .45 ಜನರಿಗಿಲ್ಲ ಅಂದದ್ದಕ್ಕೆ ಅಲ್ಲಿನವರು .38 ಸೂಪರ್ ಹಿಡಿದರು, ಬೆಳ್ಳಿ ಬಂಗಾರದ ಕೆತ್ತನೆ ಮಾಡಿಸಿ ಮೆರೆದರು. ಕೊನೆಗೆ 1972ರ ಕಾಯ್ದೆಯಲ್ಲಿ .38 ಸೂಪರ್ ಅಂತ ಹೆಸರು ಹಿಡಿದೇ ಮಾಮೂಲಿ ಜನರಿಂದ ದೂರ ಇಟ್ಟರು. ಯಾವ ತೋಟಾ ಜನರ ಕೈಯಲ್ಲಿ ಇರುತ್ತದೆ ಅನ್ನುವುದನ್ನು ಗುಂಡಿನ ಗುಣಕ್ಕಿಂತ ಜಾಸ್ತಿ ಸರ್ಕಾರಿ ಕಾಗದವೇ ತೀರ್ಮಾನಿಸುತ್ತದೆ, ಅಲ್ವಾ?

ಪ್ರಶ್ನೆ (ಸೋಮವಾರಪೇಟೆ): ಮಿಲಿಟರಿಯಲ್ಲಿದ್ದ ತಾತನ ಟ್ರಂಕಿನಲ್ಲಿ ಒಂದು ಹಿಡಿ ತೋಟಾ ಸಿಕ್ಕಿದೆ. ತಳದಲ್ಲಿ 380 ಅಂತಲೂ ಕೆಎಫ್ ಅಂತಲೂ ಇದೆ. ಇದು .38 ಸೂಪರಾ?

ಉತ್ತರ: ಅಲ್ಲ. ಕೆಎಫ್ ಅಂದರೆ ಪುಣೆ ಹತ್ತಿರದ ಖಡಕಿ ಕಾರ್ಖಾನೆ. ನಿಮ್ಮದು ಬ್ರಿಟಿಷರ ಕಾಲದ ಎನ್‌ಫೀಲ್ಡ್, ವೆಬ್ಲಿ ರಿವಾಲ್ವರ್‌ಗಳಿಗೆ ಹಾಕುತ್ತಿದ್ದ .380 ಸರ್ವಿಸ್ ತೋಟಾ. ಬುಡದಲ್ಲಿ ಅಗಲವಾದ ರಿಮ್ ಇರುತ್ತದೆ, ನೋಡಿ. ಅದು ನಿಷೇಧಿತ ಪಟ್ಟಿಯಲ್ಲಿ ಇರುವಂಥದ್ದು. ನೆನಪಿಗೆ ಅಂತ ಇಟ್ಟುಕೊಳ್ಳುವುದು, ಹಾರುತ್ತದಾ ಅಂತ ನೋಡುವುದು ಎರಡೂ ಬೇಡ. ಠಾಣೆಗೆ ತಿಳಿಸಿ ಒಪ್ಪಿಸಿ, ರಸೀದಿ ತೆಗೆದುಕೊಳ್ಳಿ. ತಾತನ ಮೆಡಲ್ ಇದ್ದರೆ ಅದನ್ನು ಇಟ್ಟುಕೊಳ್ಳಿ.

ಇದೇ ನೆಪದಲ್ಲಿ ಲೈಸೆನ್ಸ್ ಇರುವವರಿಗೂ ಒಂದು ಮಾತು. .32 ರಿವಾಲ್ವರ್ ತೋಟಾ ಬೇರೆ, .32 ಪಿಸ್ತೂಲ್ ತೋಟಾ ಬೇರೆ. ಕಾನ್ಪುರದ ರಿವಾಲ್ವರ್‌ಗೆ ಬೇಕಾದದ್ದು .32 ಸ್ಮಿತ್ ಅಂಡ್ ವೆಸನ್ ಲಾಂಗ್, ಅಶನಿಗೆ .32 ಎಸಿಪಿ. ಅಂಗಡಿಯಲ್ಲಿ ಬರೀ ‘ಪಾಯಿಂಟ್ 32’ ಅಂತ ಕೇಳಬೇಡಿ.

ಪ್ರಶ್ನೆ (ಸಿದ್ದಾಪುರ): ತೋಟಕ್ಕೆ ಹಂದಿ, ಆನೆ ಎರಡೂ ಬರುತ್ತವೆ. ಇಂಥ ಜೋರು ಪಿಸ್ತೂಲ್ ಇದ್ದರೆ ಧೈರ್ಯ ಅಲ್ವಾ?

ಉತ್ತರ: ಇಲ್ಲ. ಆನೆ ಮುಂದೆ ಯಾವ ಪಿಸ್ತೂಲೂ ಆಟಿಕೆ, ಗಾಯವಾದ ಹಂದಿ ಅದಕ್ಕಿಂತ ಕಷ್ಟ. ಅನುಮತಿ ಇಲ್ಲದೆ ಕಾಡುಪ್ರಾಣಿಗೆ ಹೊಡೆದರೆ ವನ್ಯಜೀವಿ ಕಾಯ್ದೆ ಕಾದಿರುತ್ತದೆ. ಅರಣ್ಯ ಇಲಾಖೆಗೆ ಫೋನ್ ಮಾಡಿ. ಕೈ ತುರಿಸಿದರೆ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಹೆಸರು ಕೊಡಿ. .22 ಇದೆ, 12 ಬೋರ್ ಇದೆ, ತೆಂಗಿನಕಾಯಿ ತಿರುಗಿ ಬರುವುದಿಲ್ಲ.

ಪ್ರಶ್ನೆ (ವಿರಾಜಪೇಟೆ, ಕಾಲೇಜು ವಿದ್ಯಾರ್ಥಿ): ಹಾಗಾದರೆ ಇಂಥ ಅಪರೂಪದ ಪಿಸ್ತೂಲ್ ತೋಟಾಗಳನ್ನು ನಮ್ಮ ದೇಶದಲ್ಲಿ ಕಾನೂನು ಪ್ರಕಾರ ಹಾರಿಸುವ ದಾರಿಯೇ ಇಲ್ವಾ?

ಉತ್ತರ: ಇದೆ, ಮತ್ತು ಅದು ಸೂಪರ್‌ಗಿಂತ ವಿಚಿತ್ರ. 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಅಂತ ಪುರುಷರ ಸ್ಪರ್ಧೆ ಇದೆ. 30 ಈಡು ನಿಧಾನ, 30 ಈಡು ಬೇಗ, ಒಟ್ಟು 600 ಅಂಕ. ಅಲ್ಲಿ ಹೆಚ್ಚಿನವರು ಹಾಕುವುದು ನಾನು ಈಗಷ್ಟೇ ಹೇಳಿದ .32 ಸ್ಮಿತ್ ಅಂಡ್ ವೆಸನ್ ಲಾಂಗ್. ರಿವಾಲ್ವರ್ ತೋಟಾ, ಹಾರಿಸುವುದು ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ! ಗುಂಡಿನ ಮೂತಿ ಚಪ್ಪಟೆ, ಕೇಸ್‌ನ ಬಾಯಿಗೆ ಸಮವಾಗಿ ಒಳಗೇ ಕೂತಿರುತ್ತದೆ, ಕಾಗದದಲ್ಲಿ ಪಂಚ್ ಮಾಡಿದ ಹಾಗೆ ಚೊಕ್ಕ ತೂತು ಬೀಳುತ್ತದೆ. ರಿಮ್ ಇರುವ ಆ ತೋಟಾ ಸರಾಗವಾಗಿ ಮೇಲೇರುವ ಹಾಗೆ ಮಾಡುವುದೇ ಒಂದು ಕಸರತ್ತು. ವಾಲ್ಥರ್ ಜಿಎಸ್‌ಪಿ, ಪಾರ್ಡಿನಿಯಂಥ ಪಿಸ್ತೂಲ್‌ಗಳ ಮ್ಯಾಗಜೀನ್ ಹಿಡಿಯೊಳಗೆ ಇರುವುದಿಲ್ಲ, ಟ್ರಿಗರ್‌ನ ಮುಂದೆ ಇರುತ್ತದೆ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಜಸ್ಪಾಲ್ ರಾಣಾ ಇದೇ ಸ್ಪರ್ಧೆಯಲ್ಲಿ 590 ಅಂಕ ಹೊಡೆದು ವಿಶ್ವದಾಖಲೆ ಸರಿಗಟ್ಟಿ ಚಿನ್ನ ತಂದರು.

ಮಹಿಳೆಯರ 25 ಮೀಟರ್ ಪಿಸ್ತೂಲ್ .22ರಲ್ಲಿ ನಡೆಯುತ್ತದೆ. ಯಾವುದೇ ಆದರೂ ಶುರು ಮಾಡುವುದು 10 ಮೀಟರ್ ಏರ್ ಪಿಸ್ತೂಲಿನಿಂದ. ಮೊದಲು ಒಂದು ರೈಫಲ್ ಕ್ಲಬ್‌ಗೆ ಸದಸ್ಯರಾಗಿ, ಅಲ್ಲಿನ ತರಬೇತುದಾರರ ಹತ್ತಿರ ಕೇಳಿ. ಸ್ವಂತ ಪಿಸ್ತೂಲ್ ಕೊಳ್ಳುವ ಮಾತು ಅಂಕಗಳು ಬಂದ ಮೇಲೆ.